ಲಾವಕ್ಕಿಯ ಮೇವಿಗೆ ಕಿಣ್ವ ಬೇಕೆ?

ಹೆಬ್ಬೆರಳ ಗಾತ್ರದ, ಮೈತುಂಬ ಕಂದು ಚುಕ್ಕೆಗಳುಳ್ಳ ಮೊಟ್ಟೆಗಳು ಇಂದು ಚೆನ್ನೈ, ಹೈದರಾಬಾದು, ಪುಣೆ, ದೆಹಲಿಗಳ ಅಂಗಡಿಗಳಲ್ಲಿ ಕೋಳಿಮೊಟ್ಟೆಯ ಪಕ್ಕದಲ್ಲಿಯೇ ಸ್ಥಾನ ಪಡೆದಿವೆ. ತಮಿಳರು ಕಾಡೈ ಎಂದೂ ತೆಲುಗರು ಕೌಜು ಪಿಟ್ಟ ಎಂದೂ ಹಿಂದಿಯವರು ಬಟೇರ್ ಎಂದೂ ಕರೆಯುವ ಈ ಹಕ್ಕಿ ಕನ್ನಡದ ಲಾವಕ್ಕಿ. ಕೆಲವೆಡೆ ಗೌಜಲಹಕ್ಕಿಯೆಂಬ ಹೆಸರಿನಲ್ಲಿಯೂ ಮಾರಾಟವಾಗುವುದುಂಟು. ಆದರೆ ಗೂಡುಗಳಲ್ಲಿ ಸಾಕಲಾಗುತ್ತಿರುವುದು ಹೊಲದ ಬದುಗಳಲ್ಲಿ ಭರ್ರನೆ ಹಾರಿಹೋಗುವ ಕಾಡು ಲಾವಕ್ಕಿಯಲ್ಲ. ಅದು ಜಪಾನಿ ಲಾವಕ್ಕಿ. 1974ರಲ್ಲಿ ಕ್ಯಾಲಿಫೋರ್ನಿಯಾದಿಂದ ಭಾರತಕ್ಕೆ ತರಿಸಲಾದ ಈ ಹಕ್ಕಿಯ ತಳಿಗಳನ್ನು ಬರೇಲಿಯ ಬಳಿಯ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿತು. ತಮಿಳುನಾಡಿನಲ್ಲಿ ನಂದನಂ ಎಂಬ ಹೆಸರಿನ ತಳಿಗಳು ಬಂದವು. ಅರ್ಧ ಶತಮಾನದಲ್ಲಿ ಅದು ಪ್ರಯೋಗಶಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಮಹಡಿಯ ಮೇಲಿನ ತಂತಿಗೂಡಿಗೆ ಬಂದು ನೆಲೆಸಿದೆ.

ಹಕ್ಕಿಯ ಹಿಂದೆಯೇ ಪೊಟ್ಟಣಗಳೂ ಬಂದಿವೆ. ಮೇವಿನ ಅಂಗಡಿಯಲ್ಲಿ ಇಂದು ಕಿಣ್ವದ ಪುಡಿ ಸುಲಭವಾಗಿ ದೊರೆಯುತ್ತದೆ. ಮೊಟ್ಟೆ ಕಡಮೆಯಾಯಿತೆ, ಕಿಣ್ವ ಹಾಕಿ. ಚಿಪ್ಪು ತೆಳುವಾಯಿತೆ, ಕಿಣ್ವ ಹಾಕಿ. ಹಿಕ್ಕೆ ನೀರಾಯಿತೆ, ಅದಕ್ಕೂ ಕಿಣ್ವವೇ. ಹೀಗೆ ಸರ್ವರೋಗನಿವಾರಕವಾಗಿ ಮಾರಲ್ಪಡುವ ಯಾವ ವಸ್ತುವನ್ನಾದರೂ ಸಂಶಯದಿಂದ ನೋಡುವುದು ವಿವೇಕವೇ ಸರಿ. ಆದರೆ ಸಂಶಯ ಅತಿಯಾಗಿ, ಕಿಣ್ವವೆಂಬುದೇ ವ್ಯಾಪಾರಿಗಳ ತಂತ್ರವೆಂದು ತಳ್ಳಿಹಾಕುವುದೂ ಅಷ್ಟೇ ತಪ್ಪು. ಕಿಣ್ವ ಒಂದು ನಿರ್ದಿಷ್ಟ ಕೆಲಸದ ಉಪಕರಣ. ಆ ಕೆಲಸ ಮೇವಿನಲ್ಲಿದ್ದರೆ, ಮತ್ತು ಕಿಣ್ವವನ್ನು ನಂಬಿ ಮೇವಿನ ಲೆಕ್ಕವನ್ನೇ ತಿದ್ದಿ ಬರೆದರೆ, ಅದು ಹಣ ಉಳಿಸುತ್ತದೆ. ಇವೆರಡೂ ಇಲ್ಲದಿದ್ದರೆ ಅದು ಹಕ್ಕಿಯ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುವ, ಬಹಳ ದುಬಾರಿಯಾದ ಒಂದು ಚಿಟಿಕೆ ಸಸಾರಜನಕ ಮಾತ್ರ.

ಕಿಣ್ವವೆಂಬ ಮಾತು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯ ತಯಾರಿಕೆಯ ಪ್ರಕರಣದಲ್ಲಿ, ಹುಳಿಯೆಬ್ಬಿಸುವ ಹೆಪ್ಪಿಗೆ ಈ ಹೆಸರಿದೆ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬ ರಸಾಯನಶಾಸ್ತ್ರಜ್ಞರು ಮೊಳಕೆಯೊಡೆದ ಬಾರ್ಲಿಯಿಂದ ಪಿಷ್ಟವನ್ನು ಸಕ್ಕರೆಯಾಗಿಸುವ ವಸ್ತುವನ್ನು ಬೇರ್ಪಡಿಸಿದರು. ಇಂಥ ವಸ್ತುಗಳೆಲ್ಲ ಸಸಾರಜನಕಗಳು, ಅಂದರೆ ಪ್ರೋಟೀನುಗಳು, ಎಂಬುದು ಆಮೇಲೆ ತಿಳಿದುಬಂತು. ಪ್ರತಿಯೊಂದು ಕಿಣ್ವವೂ ಒಂದು ಬಗೆಯ ಬಂಧವನ್ನು ಮಾತ್ರ ಬಿಡಿಸಬಲ್ಲುದು; 1894ರಲ್ಲಿ ಎಮಿಲ್ ಫಿಷರ್ ಇದನ್ನು ಬೀಗ ಮತ್ತು ಬೀಗದ ಕೈಗೆ ಹೋಲಿಸಿದ. ಪೊಟ್ಟಣವನ್ನು ಕೊಳ್ಳುವವರು ನೆನಪಿಡಬೇಕಾದ ಶಾಸ್ತ್ರ ಇಷ್ಟೇ. ಮೇವಿನಲ್ಲಿ ಬೀಗವೇ ಇಲ್ಲದಿರುವಾಗ ಕೀಲಿಕೈಗಳ ಗೊಂಚಲನ್ನೇ ಸುರಿದರೂ ಏನೂ ತೆರೆದುಕೊಳ್ಳುವುದಿಲ್ಲ.

ಲಾವಕ್ಕಿಯ ವಿಷಯದಲ್ಲಿ ಈ ಲೆಕ್ಕ ಮುಖ್ಯವಾಗುವುದಕ್ಕೆ ಕಾರಣ ಅದರ ದುಡಿಮೆ. ಆರೇಳು ವಾರ ತುಂಬುವಷ್ಟರಲ್ಲಿ ಹೆಣ್ಣು ಮೊಟ್ಟೆಗೆ ಬರುತ್ತದೆ. ಚೆನ್ನಾಗಿ ಸಾಕಿದರೆ ವರ್ಷಕ್ಕೆ 250ರಿಂದ 300 ಮೊಟ್ಟೆಗಳನ್ನಿಡುತ್ತದೆ. ಒಂದು ಮೊಟ್ಟೆ ಹತ್ತು ಗ್ರಾಂ ಎಂದು ಹಿಡಿದರೂ 280 ಮೊಟ್ಟೆಗಳೆಂದರೆ 2.8 ಕಿಲೋ. ಹಕ್ಕಿಯ ತೂಕವೋ 200 ಗ್ರಾಂ ಆಸುಪಾಸು. ತನ್ನ ತೂಕದ ಹದಿನಾಲ್ಕು ಪಟ್ಟನ್ನು ಒಂದು ವರ್ಷದಲ್ಲಿ ಮೊಟ್ಟೆಯಾಗಿ ಕೊಡುವ ಈ ಜೀವಿ ಅದಕ್ಕೆಲ್ಲ ಬೇಕಾದ ಸಾಮಗ್ರಿಯನ್ನು ದಿನವೊಂದಕ್ಕೆ ಸುಮಾರು 25 ಗ್ರಾಂ ಮೇವಿನಿಂದ ಪಡೆಯಬೇಕು. ಆ ಮೇವು ಅದರ ಪುಟ್ಟ ಕರುಳಿನಲ್ಲಿ ನಿಲ್ಲುವುದು ಕೆಲವೇ ಗಂಟೆಗಳ ಕಾಲ. ಆದ್ದರಿಂದಲೇ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಮೊಟ್ಟೆಯಿಡುವ ಲಾವಕ್ಕಿಯ ಮೇವಿಗೆ ಶೇಕಡಾ 20 ಸಸಾರಜನಕ, ಶೇಕಡಾ 2.5 ಸುಣ್ಣದಂಶ, ಫೈಟೇಟಿನಲ್ಲಿ ಸಿಕ್ಕಿಕೊಂಡಿರದ ರಂಜಕ ಶೇಕಡಾ 0.35 ಇರಬೇಕೆಂದು ಹೇಳಿದೆ. ಕೋಳಿಯ ಮೇವನ್ನೇ ಹಾಕಿ ಲಾವಕ್ಕಿಯನ್ನು ಸಾಕುವವರು ಮೊದಲು ಎಡವುವುದು ಇಲ್ಲಿಯೇ. ಅವರಿಗೆ ಬೇಕಾದದ್ದು ಕಿಣ್ವವಲ್ಲ, ಲಾವಕ್ಕಿಗೆ ತಕ್ಕ ಮೇವು.

ಮೇಲಿನ ಪಟ್ಟಿಯಲ್ಲಿ ಬಂದ ಫೈಟೇಟ್ ಎಂಬುದನ್ನು ಕೊಂಚ ವಿವರಿಸಬೇಕು. ಕಾಳುಗಳು ಮೊಳೆಯುವ ಕಾಲಕ್ಕೆಂದು ರಂಜಕವನ್ನು ಫೈಟಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಮುಸುಕಿನ ಜೋಳ, ಸೋಯಾ ಹಿಂಡಿ, ತೌಡುಗಳಲ್ಲಿರುವ ರಂಜಕದ ಸುಮಾರು ಮೂರನೆಯ ಎರಡು ಭಾಗ ಹೀಗೆ ಬಂಧನದಲ್ಲಿದೆ. ಅದನ್ನು ಬಿಡಿಸಬಲ್ಲ ಫೈಟೇಸ್ ಎಂಬ ಕಿಣ್ವ ಹಕ್ಕಿಯ ಕರುಳಿನಲ್ಲಿ ಸಾಲದಷ್ಟಿದೆ. ಆದ್ದರಿಂದ ಹಕ್ಕಿ ರಂಜಕವನ್ನು ನುಂಗಿಯೂ ಪಡೆಯದೆ ಹಿಕ್ಕೆಯಲ್ಲಿ ಹೊರಹಾಕುತ್ತದೆ. ಸಾಕುವವರು ಆ ಕೊರತೆಯನ್ನು ಡೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಖನಿಜವನ್ನು ಕೊಂಡು ತುಂಬುತ್ತಾರೆ. ಫೈಟೇಟ್ ಇಷ್ಟಕ್ಕೇ ಬಿಡುವುದಿಲ್ಲ. ಸತು, ಕಬ್ಬಿಣ, ಸುಣ್ಣಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಇದು ಹಕ್ಕಿಗೆ ಮಾತ್ರ ಸಂಬಂಧಿಸಿದ ತೊಂದರೆಯೂ ಅಲ್ಲ. ಕಾಳನ್ನು ನೆನೆಹಾಕಿ ಮೊಳಕೆ ಕಟ್ಟುವ, ರಾಗಿಯನ್ನು ಮೊಳೆಯಿಸಿ ಒಣಗಿಸಿ ಹಿಟ್ಟು ಮಾಡುವ, ಇಡ್ಲಿಯ ಹಿಟ್ಟನ್ನು ರಾತ್ರಿಯಿಡೀ ಹುಳಿಯಲು ಬಿಡುವ ಅಡುಗೆಮನೆಯ ಪದ್ಧತಿಗಳಲ್ಲಿ ನಡೆಯುವ ಕೆಲಸಗಳಲ್ಲಿ ಈ ಬಂಧನವನ್ನು ಸಡಿಲಿಸುವುದೂ ಒಂದು. ಅಜ್ಜಿಯರು ಫೈಟೇಸಿನ ಹೆಸರು ಕೇಳಿರಲಿಲ್ಲ. ಅದರ ಕೆಲಸವನ್ನು ಮಾತ್ರ ದಿನವೂ ಮಾಡಿಸಿಕೊಳ್ಳುತ್ತಿದ್ದರು.

ಫೈಟೇಸ್ ಮೊದಲು ಕಂಡದ್ದು 1907ರಲ್ಲಿ, ಜಪಾನಿನ ಸುಜುಕಿ ಮತ್ತು ಸಂಗಡಿಗರಿಗೆ, ಅದೂ ಅಕ್ಕಿಯ ತೌಡಿನಲ್ಲಿ. ಆದರೆ ಅದು ಮೇವಿನ ಸಾಮಗ್ರಿಯಾಗಿ ಪೇಟೆಗೆ ಬಂದದ್ದು 1991ರಲ್ಲಿ, ನೆದರ್ಲೆಂಡಿನಲ್ಲಿ. ಅಲ್ಲಿ ಪ್ರೇರಣೆಯಾದದ್ದು ಮೊಟ್ಟೆಯೂ ಅಲ್ಲ, ಮಾಂಸವೂ ಅಲ್ಲ. ಹಿಕ್ಕೆ ಮತ್ತು ಸಗಣಿಯ ರಂಜಕ ಹರಿದು ಕೆರೆಕಾಲುವೆಗಳು ಕೆಡುತ್ತಿದ್ದುದರಿಂದ ಸರಕಾರ ಬಿಗಿಮಾಡಿದ ಕಾನೂನು. ಭಾರತಕ್ಕೆ ಇದರಲ್ಲಿ ಬೇರೊಂದು ಆಸಕ್ತಿಯಿದೆ. ಫಾಸ್ಫೇಟ್ ಶಿಲೆಯ ಬಹುಭಾಗವನ್ನು ಈ ದೇಶ ಹೊರಗಿನಿಂದಲೇ ಕೊಳ್ಳುತ್ತದೆ. ಹಕ್ಕಿಯ ಮೇವಿಗೆ ಸುರಿಯುವ ಖನಿಜ ರಂಜಕದ ಬೆಲೆ ವಿದೇಶೀ ಪೇಟೆಯೊಂದಿಗೆ ಏರುತ್ತದೆ. ಆ ಭಾರ ಕಡೆಗೆ ಬೀಳುವುದು ಐನೂರು ಹಕ್ಕಿ ಸಾಕುವವನ ಮೇಲೆ.

ಉಳಿತಾಯ ಎಷ್ಟು ಎಂಬುದನ್ನು ಲೆಕ್ಕ ಹಾಕಬಹುದು. ಕಿಲೋ ಮೇವಿಗೆ 500 ಯೂನಿಟ್ ಫೈಟೇಸ್ ಬೆರೆಸಿದಾಗ ಸುಮಾರು ಶೇಕಡಾ 0.1ರಷ್ಟು ರಂಜಕ ಹಕ್ಕಿಗೆ ಹೆಚ್ಚಾಗಿ ದಕ್ಕುತ್ತದೆಂದು ಮೇವು ತಯಾರಿಸುವವರು ಸಾಮಾನ್ಯವಾಗಿ ಹಿಡಿಯುತ್ತಾರೆ. ಟನ್ನು ಮೇವಿಗೆ ಇದು ಒಂದು ಕಿಲೋ ರಂಜಕ. ಡೈಕ್ಯಾಲ್ಸಿಯಂ ಫಾಸ್ಫೇಟಿನಲ್ಲಿ ರಂಜಕ ಶೇಕಡಾ 18ರಷ್ಟಿರುವುದರಿಂದ, ಐದು ಕಿಲೋಗೂ ಮೇಲ್ಪಟ್ಟು ಖನಿಜವನ್ನು ಟನ್ನಿಗೆ ಕಡಮೆ ಮಾಡಬಹುದು. ಲಾಭ ಇರುವುದು ಈ 'ಕಡಮೆ ಮಾಡುವ' ಕ್ರಿಯೆಯಲ್ಲಿ. ಖನಿಜವನ್ನು ಮೊದಲಿನಷ್ಟೇ ಹಾಕಿ ಅದರ ಮೇಲೆ ಕಿಣ್ವವನ್ನೂ ಉದುರಿಸಿದರೆ, ಈಗಾಗಲೇ ಸಾಕಾಗುವಷ್ಟು ರಂಜಕ ಪಡೆಯುತ್ತಿರುವ ಹಕ್ಕಿಗೆ ಇನ್ನಷ್ಟು ರಂಜಕ ಸಿಗುತ್ತದೆ. ಹೆಚ್ಚಾದ ರಂಜಕ ಚಿಪ್ಪಿಗೆ ಉಪಕಾರಿಯಲ್ಲ. ಅತಿಯಾದಲ್ಲಿ ಅಪಕಾರಿಯೂ ಹೌದು. ಪೊಟ್ಟಣಗಳ ಬಹುಪಾಲು ಬಳಕೆ ಹೀಗೆ ಮೇಲಿಂದ ಉದುರಿಸುವ ಬಗೆಯಲ್ಲಿ ನಡೆಯುತ್ತಿರುವುದೇ ಇಲ್ಲಿನ ಮುಖ್ಯ ಆಕ್ಷೇಪಣೆ. ದೊಡ್ಡ ಮೇವಿನ ಕಾರ್ಖಾನೆಯಲ್ಲಿ ಪೋಷಣಶಾಸ್ತ್ರಜ್ಞನೊಬ್ಬ ಕುಳಿತು ಸೂತ್ರವನ್ನೇ ತಿದ್ದುತ್ತಾನೆ. ಆದ್ದರಿಂದ ದೊಡ್ಡವರಿಗೆ ಕಿಣ್ವ ಉಳಿತಾಯ. ಸಿದ್ಧ ಮೇವಿನ ಚೀಲವನ್ನು ಬಿಚ್ಚಿ ಅದಕ್ಕೆ ಚಮಚದಿಂದ ಪುಡಿ ಬೆರೆಸುವ ಸಣ್ಣವರಿಗೆ ಅದೇ ಕಿಣ್ವ ಖರ್ಚು. ಆ ಸಿದ್ಧ ಮೇವಿನಲ್ಲಿ ಫೈಟೇಸ್ ಆಗಲೇ ಇರುವುದೂ ಅಪರೂಪವಲ್ಲ.

ಮೊಟ್ಟೆಯಿಡುವ ಹಕ್ಕಿಯಲ್ಲಿ ಇನ್ನೊಂದು ತೊಡಕಿದೆ. ಮಾಂಸದ ಕೋಳಿಯ ಅನುಭವವನ್ನು ಹಾಗೆಯೇ ತಂದು ಹೇಳುವವರು ಇದನ್ನು ಮರೆಯುತ್ತಾರೆ. ಚಿಪ್ಪಿಗಾಗಿ ಮೇವಿಗೆ ಸುಣ್ಣದ ಕಲ್ಲಿನ ಪುಡಿಯನ್ನೋ ಕಪ್ಪೆಚಿಪ್ಪನ್ನೋ ಧಾರಾಳವಾಗಿ ಬೆರೆಸಬೇಕಾಗುತ್ತದೆ. ಈ ಸುಣ್ಣ ಹೊಟ್ಟೆಯ ಆಮ್ಲವನ್ನು ತಗ್ಗಿಸುತ್ತದೆ, ಫೈಟೇಟಿನೊಡನೆ ಕೂಡಿ ಕರಗದ ಗಸಿಯಾಗುತ್ತದೆ. ಫೈಟೇಸಾದರೋ ಆಮ್ಲವಿರುವ ಎಡೆಯಲ್ಲಿ, ಕರಗಿದ ಫೈಟೇಟಿನ ಮೇಲೆ ಚೆನ್ನಾಗಿ ಕೆಲಸ ಮಾಡತಕ್ಕದ್ದು. ಆದಕಾರಣ ಸುಣ್ಣವನ್ನು ಬೇಕಾದುದಕ್ಕಿಂತ ಹೆಚ್ಚು ಸುರಿದ ಮೇವಿನಲ್ಲಿ ಅದರ ಶಕ್ತಿ ಕುಗ್ಗುತ್ತದೆ. ಚಿಪ್ಪು ತೆಳುವಾಯಿತೆಂದು ಒಂದು ಕೈಯಲ್ಲಿ ಸುಣ್ಣವನ್ನೂ ಇನ್ನೊಂದು ಕೈಯಲ್ಲಿ ಕಿಣ್ವವನ್ನೂ ಏರಿಸುತ್ತ ಹೋಗುವವರು ಒಂದರಿಂದ ಇನ್ನೊಂದನ್ನು ಕೆಡಿಸುತ್ತಿರುತ್ತಾರೆ. ಪುಡಿಗಿಂತ ದಪ್ಪ ಹರಳಿನ ಸುಣ್ಣಕಲ್ಲು ನಿಧಾನವಾಗಿ ಕರಗುವುದರಿಂದ ಈ ಕಲಹವನ್ನು ಸ್ವಲ್ಪ ಶಮನಗೊಳಿಸುತ್ತದೆ. ಲಾವಕ್ಕಿಯ ಕೊಕ್ಕಿಗೆ ತಕ್ಕಂತೆ ಹರಳು ಸಣ್ಣದಿರಬೇಕು, ಅಷ್ಟೇ.

ಫೈಟೇಸಿನ ಹೊರತಾದ ಕಿಣ್ವಗಳ ವಿಚಾರದಲ್ಲಿ ಊರಿಗೊಂದು ಉತ್ತರ. ಗೋದಿಯಲ್ಲಿ ಅರಾಬಿನೊಕ್ಸೈಲಾನ್, ಬಾರ್ಲಿಯಲ್ಲಿ ಬೀಟಾ ಗ್ಲೂಕಾನ್ ಎಂಬ ಅಂಟುನಾರುಗಳಿವೆ. ಇವು ಕರುಳಿನಲ್ಲಿ ಗಂಜಿಯಂತೆ ಮಂದವಾಗಿ ನಿಂತು ಜೀರ್ಣಕ್ರಿಯೆಗೆ ಅಡ್ಡಿಪಡಿಸುತ್ತವೆ, ಹಿಕ್ಕೆಯನ್ನು ಅಂಟಂಟಾಗಿಸಿ ಮೊಟ್ಟೆಗಳನ್ನು ಮಲಿನಗೊಳಿಸುತ್ತವೆ. ಕೋಳಿಮರಿಗಳಿಗೆ ಹಾಕುವ ಬಾರ್ಲಿಗೆ ಕಿಣ್ವ ಬೆರೆಸಿದರೆ ಅದರ ಗುಣ ಹೆಚ್ಚುತ್ತದೆಂಬುದನ್ನು ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಸಂಶೋಧಕರು 1957ರಲ್ಲಿಯೇ ತೋರಿಸಿದ್ದರು. ಬಾರ್ಲಿಯನ್ನು ಬರಿಯ ನೀರಿನಲ್ಲಿ ನೆನೆಸಿಟ್ಟರೂ ಪ್ರಯೋಜನವಿದೆಯೆಂಬುದು ಆ ಕಾಲದ ಇನ್ನೊಂದು ಕುತೂಹಲಕರ ಶೋಧ. ದೆಹಲಿ, ಹರಿಯಾಣಗಳ ಕಡೆ ನುಚ್ಚುಗೋದಿ ಅಗ್ಗವಾದಾಗ ಮೇವಿಗೆ ಅದನ್ನು ಸೇರಿಸುವವರಿಗೆ ಕ್ಸೈಲನೇಸ್ ಎಂಬ ಕಿಣ್ವ ಯೋಗ್ಯವಾದದ್ದು. ರಾಜಸ್ಥಾನದ ಗೋರಿಕಾಯಿ ಬೀಜದ ಹಿಂಡಿಯನ್ನು ಸೋಯಾಕ್ಕೆ ಬದಲಾಗಿ ಬಳಸುವವರಿಗೆ, ಅದರ ಗೋಂದನ್ನು ಒಡೆಯುವ ಮನ್ನನೇಸ್ ಸಹಕಾರಿ. ಆದರೆ ಚೆನ್ನೈ, ಹೈದರಾಬಾದುಗಳ ಸುತ್ತ ಹಕ್ಕಿಗಳು ತಿನ್ನುವುದು ಬಹುಮಟ್ಟಿಗೆ ಮುಸುಕಿನ ಜೋಳ ಮತ್ತು ಸೋಯಾ. ಜೋಳದಲ್ಲಿ ಅಂಥ ಕರಗುವ ಅಂಟು ಬಹಳ ಕಡಮೆ. ಅಲ್ಲಿ ಕ್ಸೈಲನೇಸಿನಿಂದ ಹೆಚ್ಚಿನದನ್ನು ನಿರೀಕ್ಷಿಸಲಾಗದು; ಎಣ್ಣೆ ತೆಗೆದ ತೌಡನ್ನು ಹೆಚ್ಚು ಬೆರೆಸುವವರಿಗೆ ಫೈಟೇಸ್ ಮಾತ್ರ ನಿಶ್ಚಯವಾಗಿ ಬೇಕು, ಏಕೆಂದರೆ ತೌಡು ಫೈಟೇಟಿನ ಗಣಿ. ಪಿಷ್ಟವನ್ನು ಕರಗಿಸುವ ಅಮೈಲೇಸನ್ನು ಬೆಳೆದ ಹಕ್ಕಿ ತಾನೇ ಬೇಕಾದಷ್ಟು ಸ್ರವಿಸುತ್ತದೆ. ಹತ್ತು ಹನ್ನೆರಡು ಕಿಣ್ವಗಳ ಹೆಸರುಗಳನ್ನು ಒಂದೇ ಪೊಟ್ಟಣದ ಮೇಲೆ ಅಚ್ಚು ಹಾಕುವವರು ಕೊಳ್ಳುವವರ ಮೇವು ಯಾವುದೆಂದು ಕೇಳುವುದೇ ಇಲ್ಲ ಎಂಬುದು ಗಮನಾರ್ಹ.

ಮೊಟ್ಟೆ ಕಡಮೆಯಾದುದಕ್ಕೆ ಮೇವೇ ಕಾರಣವೆಂದು ತೀರ್ಮಾನಿಸುವುದಕ್ಕೆ ಮುಂಚೆ ದೀಪವನ್ನು ನೋಡಬೇಕು. ಲಾವಕ್ಕಿ ಮೊಟ್ಟೆಯಿಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಉತ್ತರದ ಚಳಿಗಾಲದಲ್ಲಿ ಹಗಲು ಹತ್ತೂವರೆ ಗಂಟೆಗಿಳಿದಾಗ ಮೊಟ್ಟೆ ನಿಲ್ಲುವುದು ಹಕ್ಕಿಯ ಸಹಜಧರ್ಮ. ಅದಕ್ಕೆ ಮದ್ದು ಒಂದು ಬಲ್ಬು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯ ವಿಷವನ್ನೂ ಈ ಕಿಣ್ವಗಳು ಕಳೆಯುವುದಿಲ್ಲ. ಕೊಳೆತ ನೀರಿನ ಬಟ್ಟಲು, ಇಕ್ಕಟ್ಟಾದ ಗೂಡು, ಮೇ ತಿಂಗಳಿನ ತಗಡಿನ ಮಾಡು ಇವುಗಳಿಗೂ ಕಿಣ್ವಕ್ಕೂ ಸಂಬಂಧವೇ ಇಲ್ಲ.

ಬೆರೆಸುವುದೂ ಸುಲಭದ ಮಾತಲ್ಲ. ಸಾಂದ್ರವಾದ ಪುಡಿಗಳನ್ನು ಟನ್ನಿಗೆ 100 ಗ್ರಾಂ ಬೆರೆಸಬೇಕೆಂದಿದ್ದರೆ, 50 ಕಿಲೋ ಚೀಲಕ್ಕೆ ಬೀಳುವುದು 5 ಗ್ರಾಂ ಮಾತ್ರ. ಅದನ್ನು ಚೀಲದ ಬಾಯಿಗೆ ಉದುರಿಸಿ ಕೈಯಾಡಿಸಿದರೆ ಕೆಲವು ಹಕ್ಕಿಗಳಿಗೆ ಅತಿಯಾಗಿಯೂ ಉಳಿದವಕ್ಕೆ ಶೂನ್ಯವಾಗಿಯೂ ಸಿಗುತ್ತದೆ. ಮೊದಲು ಅರ್ಧ ಕಿಲೋ ಹಿಟ್ಟಿನಲ್ಲಿ, ಬಳಿಕ ಐದು ಕಿಲೋದಲ್ಲಿ, ಅನಂತರ ಇಡೀ ಚೀಲದಲ್ಲಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಲಸಬೇಕು. ಕಿಣ್ವ ಸಸಾರಜನಕವಾದುದರಿಂದ ಬಿಸಿಗೆ ಹೆದರುತ್ತದೆ. ಗುಳಿಗೆಯಾಗಿ ಒತ್ತುವ ಕಾರ್ಖಾನೆಯಲ್ಲಿ 80-85 ಡಿಗ್ರಿಯ ಹಬೆಗೆ ಸಾಮಾನ್ಯ ಕಿಣ್ವದ ಬಹುಭಾಗ ನಷ್ಟವಾಗುತ್ತದೆ. ಅದಕ್ಕಾಗಿ ಲೇಪನವುಳ್ಳ ಬಗೆಗಳಿವೆ. ಹಿಟ್ಟಿನ ಮೇವನ್ನೇ ಹಾಕುವ ಸಣ್ಣ ಸಾಕಣೆದಾರರಿಗೆ ಈ ಒಂದು ವಿಷಯದಲ್ಲಿ ಅದೃಷ್ಟವಿದೆ, ಪೊಟ್ಟಣವನ್ನು ಬಿಸಿಲಲ್ಲಿಯೂ ತೇವದಲ್ಲಿಯೂ ಇಡದಿದ್ದರೆ.

ಪೊಟ್ಟಣದ ಮೇಲೆ ಕಿಣ್ವದ ಹೆಸರು, ಗ್ರಾಮಿಗೆ ಎಷ್ಟು ಯೂನಿಟ್, ತಯಾರಾದ ದಿನ, ಕೆಡುವ ದಿನ ಇವಿಷ್ಟು ಇಲ್ಲದಿದ್ದರೆ ಕೊಳ್ಳುವ ಅಗತ್ಯವಿಲ್ಲ. ಇದ್ದರೂ ಪರೀಕ್ಷೆ ಮಾಡಿಯೇ ನಂಬುವುದು ಲೇಸು. ಒಂದೇ ವಯಸ್ಸಿನ ಹಕ್ಕಿಗಳನ್ನು ನೂರು ನೂರರಂತೆ ಎರಡು ಗೂಡುಗಳಲ್ಲಿಟ್ಟು, ಒಂದಕ್ಕೆ ಹಳೆಯ ಮೇವನ್ನೂ ಇನ್ನೊಂದಕ್ಕೆ ಖನಿಜ ಕಡಮೆ ಮಾಡಿ ಕಿಣ್ವ ಬೆರೆಸಿದ ಮೇವನ್ನೂ ಒಂದೇ ಕಾಲದಲ್ಲಿ ಎಂಟು ವಾರ ಹಾಕಬೇಕು. ಮೇವನ್ನು ತೂಗಬೇಕು, ಮೊಟ್ಟೆಗಳನ್ನು ಎಣಿಸಿ ತೂಗಬೇಕು, ಒಡೆದವನ್ನು ಬೇರೆ ಬರೆದಿಡಬೇಕು. ಹೋದ ತಿಂಗಳಿಗೂ ಈ ತಿಂಗಳಿಗೂ ಹೋಲಿಸುವುದು ಪರೀಕ್ಷೆಯಲ್ಲ. ನಡುವೆ ಹಕ್ಕಿಯ ವಯಸ್ಸೂ ಹವೆಯೂ ಬದಲಾಗಿರುತ್ತವೆ.

ಇನ್ನು ಮೊಟ್ಟೆಯನ್ನು ತಿನ್ನುವವರ ಮಾತು. ಹಕ್ಕಿ ತಿಂದ ಕಿಣ್ವ ಮೊಟ್ಟೆಗೆ ಬರುವುದಿಲ್ಲ. ಅದು ತನ್ನ ಕೆಲಸ ಮುಗಿಸಿ ಹಕ್ಕಿಯ ಕರುಳಿನಲ್ಲಿಯೇ ಜೀರ್ಣವಾಗುತ್ತದೆ. ಕಿಣ್ವದ ಮೇವು ತಿಂದ ಹಕ್ಕಿಯ ಮೊಟ್ಟೆಯೆಂದು ಹೆಚ್ಚು ಬೆಲೆ ಕೇಳುವುದಾಗಲಿ, ಅದೇ ಕಾರಣಕ್ಕೆ ಅಂಜುವುದಾಗಲಿ ಎರಡೂ ನಿರಾಧಾರ. ಲಾವಕ್ಕಿಯ ಮೊಟ್ಟೆಯ ಸುತ್ತ ಬೆಳೆದಿರುವ ಉಳಿದ ಕಥೆಗಳೂ ಇಷ್ಟೇ ದುರ್ಬಲ. ಉಬ್ಬಸ, ಸಿಹಿಮೂತ್ರ, ರಕ್ತದೊತ್ತಡ ಎಲ್ಲಕ್ಕೂ ಇದು ಮದ್ದೆಂದು ಹೇಳುವವರಿದ್ದಾರೆ. ಪಕ್ಷಿಗಳಲ್ಲಿ ಲಾವವೇ ಶ್ರೇಷ್ಠವೆಂದು ಚರಕಸಂಹಿತೆ ಹೇಳಿದೆಯಲ್ಲ ಎಂದು ಕೇಳುವವರೂ ಉಂಟು. ಆ ಮಾತು ಮಾಂಸದ ಕುರಿತದ್ದು, ಗೂಡಿನ ಜಪಾನಿ ಹಕ್ಕಿಯ ಮೊಟ್ಟೆಯ ಕುರಿತದ್ದಲ್ಲ. ಕೊಲೆಸ್ಟರಾಲ್ ಇಲ್ಲವೆಂಬುದಂತೂ ಶುದ್ಧ ಸುಳ್ಳು. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಂತೆ ನೂರು ಗ್ರಾಂ ಲಾವಕ್ಕಿ ಮೊಟ್ಟೆಯಲ್ಲಿ ಅದು 844 ಮಿಲಿಗ್ರಾಂ, ಕೋಳಿಮೊಟ್ಟೆಯಲ್ಲಿ 372. ಆ ದೇಶದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು 2015ರಲ್ಲಿ ಕೈಬಿಟ್ಟದ್ದು ನಿಜ. ಆದರೂ ಹೃದ್ರೋಗ, ಸಿಹಿಮೂತ್ರಗಳುಳ್ಳವರು ಎಷ್ಟು ತಿನ್ನಬೇಕೆಂಬುದನ್ನು ವೈದ್ಯರಲ್ಲಿ ಕೇಳತಕ್ಕದ್ದು, ಮಾರುವವರಲ್ಲಿ ಅಲ್ಲ. ಕಬ್ಬಿಣ ಇದರಲ್ಲಿ ಕೋಳಿಮೊಟ್ಟೆಯ ಸುಮಾರು ಎರಡರಷ್ಟಿದೆ. ಸಸಾರಜನಕ ಎರಡರಲ್ಲಿಯೂ ಹೆಚ್ಚುಕಡಮೆ ಸಮ, ಶೇಕಡಾ 13ರ ಹತ್ತಿರ. ಒಳ್ಳೆಯ ಆಹಾರವೆಂದು ಹೇಳಲು ಇದೇ ಸಾಕು.

ಇವೆಲ್ಲಕ್ಕಿಂತ ಅಪಾಯಕರವಾದ ಮಾತೊಂದಿದೆ: ಕೋಳಿಮೊಟ್ಟೆ ಒಗ್ಗದ ಮಕ್ಕಳಿಗೆ ಇದನ್ನು ನಿರ್ಭಯವಾಗಿ ಕೊಡಬಹುದು ಎಂಬುದು. ಎರಡು ಮೊಟ್ಟೆಗಳ ಬಿಳಿಯಲ್ಲಿಯೂ ಇರುವ ಸಸಾರಜನಕಗಳು ಪರಸ್ಪರ ಹೋಲುವುದರಿಂದ, ಒಂದಕ್ಕೆ ಮೈ ದದ್ದೇಳುವ ಮಗುವಿಗೆ ಇನ್ನೊಂದರಿಂದಲೂ ದದ್ದೇಳಬಹುದು, ಉಸಿರು ಕಟ್ಟಲೂಬಹುದು. ಅಂಥ ಮಗುವಿನ ತಟ್ಟೆಗೆ ಈ ಮೊಟ್ಟೆಯನ್ನು ವೈದ್ಯರ ಸಲಹೆಯಿಲ್ಲದೆ ಹಾಕಕೂಡದು. ಉಳಿದವರೂ ಹಸಿಯಾಗಿ ಕುಡಿಯಕೂಡದು. ಸಾಲ್ಮೊನೆಲ್ಲಾ ಎಂಬ ರೋಗಾಣು ಚಿಪ್ಪಿನ ಚುಕ್ಕೆಗಳನ್ನು ನೋಡಿ ಹಿಂದೆಗೆಯುವಂಥದಲ್ಲ. ಕುದಿಯುವ ನೀರಿನಲ್ಲಿ ನಾಲ್ಕೈದು ನಿಮಿಷ ಬೇಯಿಸಿದರೆ ಹಳದಿಯೂ ಗಟ್ಟಿಯಾಗುತ್ತದೆ.